ತೆರೆದೇ ಇರಬೇಕಿದ್ದ ಗೇಟು

ಆ ಶನಿವಾರ ನಾನು ಮೊದಲನೇ ಸಲ ಬಾಲ ಆಗಿದ್ದೆ.

ನಗಬೇಡಿ. ರಜೆ ದಿನ ಮೋಜಿಗೆ ಬೆಟ್ಟಕ್ಕೆ ಗಾಡಿ ಹತ್ತಿಸೋ ನಮ್ಮ ಗುಂಪಲ್ಲಿ ಬಾಲ ಅಂದ್ರೆ ದೊಡ್ಡ ಹುದ್ದೆ. ಬೆಟ್ಟದ ದಾರೀಲಿ ಗಾಡಿಗಳು ಸಾಲಾಗಿ ಹೋಗುವಾಗ ಮುಂದಿರೋರಿಗೆ ದಾರಿ ಗೊತ್ತಿದ್ರೆ ಆಯ್ತು, ಮಿಕ್ಕಿದ್ದೆಲ್ಲಾ ಕೊನೇ ಗಾಡಿಯವರ ತಲೆ ಮೇಲೆ. ಯಾರ ಸಾಮಾನಾದ್ರೂ ಬಿದ್ರೆ ಎತ್ಕೋಬೇಕು. ಯಾರಾದ್ರೂ ಕೆಟ್ಟು ನಿಂತ್ರೆ ಜೊತೆಗೆ ನಿಲ್ಬೇಕು. ದನದ ಬೇಲೀಲಿ ಗೇಟು ಬಂದ್ರೆ ಮುಂದಿನೋರು ತೆಗೀತಾರೆ, ಎಲ್ಲರೂ ದಾಟಿದ್ಮೇಲೆ ಬಾಲದೋರು ಇಳಿದು ಹಾಕ್ಬೇಕು. ಜೊತೆಗೆ ಎಲ್ಲರ ಧೂಳನ್ನೂ ಒಬ್ಬರೇ ತಿನ್ಬೇಕು, ಅದು ಬೋನಸ್ಸು.

ಎರಡು ವರ್ಷದಿಂದ ಕಾಯ್ತಿದ್ದೆ ನಾನು ಇದಕ್ಕೆ. ಆಗಸ್ಟ್ ಕೊನೇ ವಾರ, ಬೆಳಿಗ್ಗೆ ಏಳಕ್ಕೆ ಟಾರು ರಸ್ತೆ ಮುಗಿಯೋ ಜಾಗದಲ್ಲಿ ನಿಂತು ಟೈರಿನ ಗಾಳಿ ಇಳಿಸ್ತಾ ಇದ್ವಿ, ಆರ್ಲೋ ಬಂದು ನನ್ನ ಬಾನೆಟ್ ಮೇಲೆ ತಟ್ಟಿ, "ಟಿಲ್ಲಿ, ಇವತ್ತು ನೀನು ಬಾಲ" ಅಂದ. ಅಷ್ಟೇ. ಭಾಷಣ ಗೀಷಣ ಏನಿಲ್ಲ. ಆರ್ಲೋಗೆ ಎಪ್ಪತ್ತೊಂದು ವರ್ಷ, ಗಣೀಲಿ ಮೆಕ್ಯಾನಿಕ್ ಆಗಿದ್ದ, ನೆವಾಡಾದ ಈ ಭಾಗದಲ್ಲಿ ಅವನು ಗಾಡಿ ಹತ್ತಿಸದೇ ಇರೋ ಬೆಟ್ಟ ಇಲ್ಲ. ತಾತ ಅಂದ್ರೆ ಸಿಟ್ಟು ಬರತ್ತೆ. ಹೆಸರು ಹಿಡಿದೇ ಕರೀಬೇಕು.

"ಧೂಳು ತಿನ್ನೋಕೆ ರೆಡೀನಾ ಮಿಹಾ?" ಅಂತ ಲೂಪೆ ಕೂಗಿದ್ಲು. ಮುಂದಿನ ಗಾಡಿ ಆರ್ಲೋದು, ಲೂಪೆ ಮತ್ತೆ ಅವಳ ಗಂಡ ವೆಂಡಲ್ ಮಧ್ಯದ ಗಾಡಿ. ಅವಳು ಸ್ಕೂಲ್ ಬಸ್ ಓಡಿಸ್ತಾಳೆ, ನನ್ನನ್ನೂ ಆರು ವರ್ಷ ಅದೇ ಬಸ್ಸಲ್ಲಿ ಹೊತ್ಕೊಂಡು ಹೋಗಿದಾಳೆ. ಅದಕ್ಕೆ ಈಗಲೂ ನಾನು ಅವಳ ಮಿಹಾ, ಅಂದ್ರೆ ಮಗಳು.

"ಹ್ಞೂ, ನೆಂಚ್ಕೊಳೋಕೆ ಉಪ್ಪಿನಕಾಯಿ ತಂದಿದೀನಿ" ಅಂದೆ.

"ಆಮೇಲೆ ಹಲ್ಲುಜ್ಜೋದು ಮರೀಬೇಡ."

ನನ್ನ ಗಾಡಿ ಚಿಕ್ಕ ಪಿಕಪ್ಪು. ನಂಗೆ ಇಪ್ಪತ್ತೆರಡು, ಅದಕ್ಕೆ ಇಪ್ಪತ್ನಾಲ್ಕು. ಹಿಂದೆ ಇದ್ದೋರು ಅದಕ್ಕೆ ಬಟಾಣಿ ಹಸಿರು ಬಣ್ಣ ಬಳ್ದಿದ್ರು, ನಾನು ತಗೊಂಡಾಗ ಅರ್ಧ ಉದುರಿ ಹೋಗಿತ್ತು. ಅದಕ್ಕೇ ನಾನಿಟ್ಟ ಹೆಸರು ಬಟಾಣಿ. ಸೀಟು ಹರಿದಿದೆ, ಏಸಿ ಇಲ್ಲ. ಆದ್ರೆ ಲೋ ಗೇರಿಗೆ ಹಾಕಿ ಕ್ಲಚ್ ಬಿಟ್ರೆ ಆಮೆ ಥರ ಎಲ್ಲಿ ಬೇಕಾದ್ರೂ ಹತ್ತತ್ತೆ, ಬೈಯಲ್ಲ, ಬೆವರಲ್ಲ.

ಹೊರಟ್ವಿ. ಮುರುಕು ಬಂಡಿ ಕಣಿವೆ ದಾರಿ ನಿಮಗೆ ಹೇಗೆ ಹೇಳಲಿ? ಮೊದಲು ಎಂಟು ಮೈಲಿ ಬಯಲು. ಎರಡೂ ಕಡೆ ಬೂದುಹಸಿರು ಸೇಜ್ ಪೊದೆ, ಟೈರು ಅಂಚಿಗೆ ತಾಗಿದ್ರೆ ಸಾಕು, ಆ ಕಹಿ ಘಮ ಗಾಡಿ ತುಂಬಾ ಬರತ್ತೆ. ಟೈರಲ್ಲಿ ಗಾಳಿ ಕಮ್ಮಿ ಇರೋದ್ರಿಂದ ಕಲ್ಲಿನ ಮೇಲೆ ಹೋದ್ರೂ ಹಾಸಿಗೆ ಮೇಲೆ ನಡೆದ ಹಾಗಿರತ್ತೆ. ಆ ಎಂಟು ಮೈಲೀಲಿ ನಾನು ಎಷ್ಟು ಖುಷಿಯಾಗಿದ್ದೆ ಅಂದ್ರೆ, ಕಿಟಕಿ ಪೂರ್ತಿ ಇಳಿಸಿ, ಮೂಗು ಬಾಯಿ ಎಲ್ಲಾ ಧೂಳು ಮಾಡ್ಕೊಂಡು, ಗಾಡಿಯಿಂದ ಗಾಡಿಗೆ ಮಾತಾಡೋ ರೇಡಿಯೋದಲ್ಲಿ ಐದೈದು ನಿಮಿಷಕ್ಕೂ "ಬಾಲ ಇಲ್ಲಿದೆ, ಬಾಲ ಇಲ್ಲಿದೆ" ಅಂತಿದ್ದೆ.

"ಗೊತ್ತಾಯ್ತು ಮಾರಾಯ್ತಿ, ಅಲ್ಲಾಡಿಸ್ಬೇಡ" ಅಂದ ವೆಂಡಲ್.

ಆರನೇ ಮೈಲಿ ಹತ್ರ ಅವನ ಗಾಡಿ ಮೇಲಿಂದಾನೇ ನೀರಿನ ಕ್ಯಾನು ಜಾರಿ ಬಿತ್ತು. ನನ್ನ ಮೊದಲ ಕೆಲ್ಸ! ನಿಲ್ಲಿಸಿ, ಇಳಿದು, ಪೊದೆ ಒಳಗೆ ಉರುಳಿ ಹೋಗಿದ್ದನ್ನ ಎಳೆದು, ಹಿಂದೆ ಹಾಕಿ, ಎರಡು ಸುತ್ತು ಹಗ್ಗ ಕಟ್ಟಿ, ಅಲ್ಲಾಡತ್ತಾ ಅಂತ ನೋಡಿ, ಇನ್ನೊಂದು ಸುತ್ತು ಕಟ್ಟಿ ಹೊರಡೋ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಅಷ್ಟರಲ್ಲಿ ಮುಂದಿನ ಎರಡೂ ಗಾಡಿ ಕಣಿವೆ ಒಳಗೆ ಹೋಗಿದ್ವು. ಕಣಿವೆ ಒಳಗೆ ಹೋದ್ರೆ ನಮ್ಮ ಚಿಕ್ಕ ರೇಡಿಯೋ ಕೆಲ್ಸ ಮಾಡಲ್ಲ, ಕಲ್ಲಿನ ಗೋಡೆ ಎಲ್ಲಾ ನುಂಗತ್ತೆ.

ಕಣಿವೆ ಬಾಯಲ್ಲಿ ದನದ ನೀರಿನ ತೊಟ್ಟಿ ಇದೆ, ಅದರ ಪಕ್ಕ ಗಾಳಿಗಿರಣಿ, ಅದನ್ನ ದಾಟಿದ್ರೆ ಬೇಲಿ, ಬೇಲೀಲಿ ಗೇಟು. ನಾನು ಬಂದಾಗ ಗೇಟು ತೆಗೆದಿತ್ತು. ನೀವೇ ಹೇಳಿ, ಏನ್ ಅಂದ್ಕೋತೀರಿ? ಈ ಗೇಟು ಎರಡು ವರ್ಷದಲ್ಲಿ ಹತ್ತು ಸಲ ನೋಡಿದೀನಿ, ಹತ್ತು ಸಲಾನೂ ಹಾಕಿತ್ತು. ಹಾಗಾಗಿ ಆರ್ಲೋ ತೆಗೆದು ನಂಗೋಸ್ಕರ ಬಿಟ್ಟು ಹೋಗಿದಾನೆ ಅಂದ್ಕೊಂಡೆ. ದಾಟಿ, ನಿಲ್ಲಿಸಿ, ಇಳಿದೆ.

ಇದು ನಿಮ್ಮ ಮನೆ ಕಾಂಪೌಂಡ್ ಗೇಟು ಥರ ಅಲ್ಲ. ನಾಲ್ಕು ಕೋಲಿಗೆ ಐದೆಳೆ ಮುಳ್ಳುತಂತಿ ಬಿಗಿದಿರ್ತಾರೆ, ಅಷ್ಟೇ. ತೆಗೆದಾಗ ನೆಲದ ಮೇಲೆ ಸುಮ್ನೆ ಬಿದ್ದಿರತ್ತೆ. ಹಾಕ್ಬೇಕಾದ್ರೆ ಕೊನೇ ಕೋಲನ್ನ ಕಂಬದ ತನಕ ಎಳ್ಕೊಂಡು ಬಂದು, ಬುಡಾನ ಕೆಳಗಿನ ತಂತಿ ಕುಣಿಕೇಲಿ ಇಟ್ಟು, ಕಂಬಾನ ತಬ್ಕೊಂಡು ಭುಜ ಕೊಟ್ಟು ಒತ್ತಿ, ಮೇಲಿನ ಕುಣಿಕೆನ ಕೋಲಿನ ತಲೆಗೆ ಏರಿಸ್ಬೇಕು. ನಂಗೆ ಯಾವತ್ತೂ ಆಗಿರ್ಲಿಲ್ಲ. ಯಾವಾಗ್ಲೂ ವೆಂಡಲ್ ಬಂದು, ಸರಿ ಸರಿ ಅಂತ ನನ್ನ ಪಕ್ಕಕ್ಕೆ ಸರಿಸಿ ಹಾಕ್ತಿದ್ದ.

ಅವತ್ತು ಹತ್ತು ನಿಮಿಷ ಗುದ್ದಾಡ್ದೆ. ಅಂಗಿ ಹರೀತು. ಎರಡು ಸಲ ತಂತಿ ಕೆನ್ನೆಗೆ ಬಡೀತು. ಮೂರನೇ ಸಲ ಉಸಿರು ಬಿಗಿ ಹಿಡಿದು ಒತ್ತಿದೆ ನೋಡಿ, ಕುಣಿಕೆ ಟಕ್ ಅಂತ ಕೂತ್ಕೊಂಡಿತು! ತಂತಿ ಮೀಟಿದ್ರೆ ಗಿಟಾರ್ ಥರ ಸದ್ದು ಬರ್ತಿತ್ತು, ಅಷ್ಟು ಬಿಗಿ. ಗೇಟಿನ ಪಕ್ಕ ನಿಂತು ಫೋಟೋ ತಗೊಂಡೆ. ತೋಳು ಮಡಚಿ, ಸ್ನಾಯು ತೋರಿಸಿ. ಅದನ್ನ ಈಗ ನೆನೆಸ್ಕೊಂಡ್ರೆ ಮುಖ ಎಲ್ಲಿಟ್ಕೊಳ್ಲಿ ಅನ್ಸತ್ತೆ.

ಆಮೇಲೆ ಕಣಿವೆ. ಕಣಿವೆಯಲ್ಲಿ ಒಂದೇ ಕಷ್ಟದ ಜಾಗ, ಮೂರಡಿ ಎತ್ತರದ ಕಲ್ಲಿನ ಮೆಟ್ಟಿಲು. ಅದಕ್ಕೆ ನಮ್ಮೋರು ಇಟ್ಟಿರೋ ಹೆಸರು ಅತ್ತೆ, ಯಾಕಂದ್ರೆ ಅದನ್ನ ದಾಟಿದ ಯಾವ ಗಾಡೀನೂ ಒಂದು ಗೀರಾದ್ರೂ ಇಲ್ದೇ ವಾಪಸ್ ಬಂದಿಲ್ಲ. ಮೂವರೂ ಅಲ್ಲಿ ನಂಗೆ ಕಾಯ್ತಾ ಇದ್ರು. ಆರ್ಲೋ ಕೈ ಸನ್ನೆ ಮಾಡಿ ಹತ್ತಿಸಿದ. ಅಲ್ಲಿಂದ ಮೇಲೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಮಧ್ಯೆ ಒಂದೂವರೆ ಗಾಡಿ ಅಗಲದ ದಾರಿ, ಅದೂ ಮುಗಿದು ಮಧ್ಯಾಹ್ನ ಒಂದು ಗಂಟೆಗೆ ಬೆಟ್ಟದ ನೆತ್ತಿ ಮೇಲಿದ್ವಿ. ಹತ್ತು ಸಾವಿರ ಅಡಿ. ಕೆಳಗೆ ಎರಡೂ ಕಡೆ ಬಯಲು, ಬಯಲಿನಾಚೆ ಮತ್ತೆ ಬೆಟ್ಟ, ಅದರಾಚೆ ಇನ್ನೊಂದು. ಗಾಳಿಗೆ ಟೋಪಿ ನಿಲ್ತಿರ್ಲಿಲ್ಲ.

ಲೂಪೆ ಬಾನೆಟ್ ಎತ್ತಿ ಊಟ ತೆಗೆದ್ಲು. ಬೆಳಿಗ್ಗೆನೇ ಬರೀಟೋಗಳನ್ನ, ಅಂದ್ರೆ ಪಲ್ಯ ತುಂಬಿದ ರೊಟ್ಟಿ ಸುರುಳಿಗಳನ್ನ, ಬೆಳ್ಳಿ ಕಾಗದದಲ್ಲಿ ಸುತ್ತಿ ಇಂಜಿನ್ ಮೇಲೆ ಸಿಕ್ಕಿಸಿರ್ತಾಳೆ. ಮಧ್ಯಾಹ್ನಕ್ಕೆ ಒಲೆ ಮೇಲಿಂದ ಇಳಿಸಿದ ಹಾಗೆ. ನಾನು ಒಂದು ಕೈಲಿ ತಿಂತಾ ಇನ್ನೊಂದು ಕೈಲಿ ಫೋನು ತೆಗೆದೆ.

"ಇಲ್ಲಿ ನೋಡಿ ಎಲ್ಲಾರೂ. ಯಾರ ಸಹಾಯಾನೂ ಇಲ್ದೇ. ವೆಂಡಲ್, ನಿಂಗೆ ಇನ್ನು ಕೆಲ್ಸ ಇಲ್ಲ."

ವೆಂಡಲ್ ನೋಡಿ ಶಿಳ್ಳೆ ಹೊಡೆದ. "ಏನ್ ಬಿಗಿಯಾಗಿ ಹಾಕಿದೀಯೇ! ನನ್ನ ಪ್ಯಾಂಟಿನ ಬೆಲ್ಟ್ ಕೂಡ ಇಷ್ಟು ಬಿಗಿ ಕೂರಲ್ಲ."

ಆರ್ಲೋ ಕನ್ನಡಕ ಹುಡುಕಿ ಹಾಕ್ಕೊಂಡ. ಫೋನು ಹತ್ರ ತಂದ, ದೂರ ಹಿಡಿದ.

"ಇದು ಯಾವ ಗೇಟು?"

"ಕೆಳಗಿಂದು. ತೊಟ್ಟಿ ಹತ್ರದ್ದು."

ಅವನು ತಿನ್ನೋದು ನಿಲ್ಲಿಸಿದ. "ಅದು ತೆಗೆದೇ ಇತ್ತಲ್ಲ ಟಿಲ್ಲಿ. ನಾನು ತೆಗೀಲಿಲ್ಲ. ನಾನು ಬಂದಾಗಲೇ ತೆಗೆದಿತ್ತು."

ನಾನು ಉಳಿದ ಬರೀಟೋನ ಮತ್ತೆ ಕಾಗದದಲ್ಲಿ ಸುತ್ತಿಟ್ಟೆ.

ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಹಾಕಿದ್ರೆ ಹಾಕು, ತೆಗೆದಿದ್ರೆ ತೆಗೆದಿರ್ಲಿ. ಗಾಡಿ ಓಡಿಸೋದು ಕಲಿಯೋಕೆ ಮುಂಚೆನೇ ನಮ್ಮಲ್ಲಿ ಇದು ಕಲೀತಾರೆ. ಆರ್ಲೋ ನೆಲ ನೋಡ್ಕೊಂಡು ಹೇಳ್ದ. ಪ್ರತೀ ವರ್ಷ ದನಗಳಿಗೆ ಬೇಲಿಯಿಂದ ಮೇಲಿನ ಕಡೆ, ಮರಗಳ ಹತ್ರ ಒರತೆ ಇರತ್ತೆ, ಗೇಟು ಹಾಕಿದ್ರೂ ಪರವಾಗಿಲ್ಲ. ಈ ವರ್ಷ ಒರತೆ ಒಣಗಿ ಹೋಗಿದೆ. ಅದಕ್ಕೇ ದನದ ಒಡತಿ ಮಾಯ್ಟೆ ಉಗಾಲ್ಡೆ ಗೇಟು ತೆಗೆದಿಟ್ಟಿದಾರೆ. ದನ ಹಗಲೆಲ್ಲಾ ಮೇಲೆ ಮೇಯ್ತಾವೆ, ಸಾಯಂಕಾಲ ಇಳಿದು ಬಂದು ತೊಟ್ಟೀಲಿ ಕುಡೀತಾವೆ. ಬೇರೆ ನೀರು ಎಲ್ಲೂ ಇಲ್ಲ.

"ಪೋಸ್ಟ್ ಆಫೀಸಲ್ಲಿ ಸಿಕ್ಕಿ ಹೇಳಿದ್ಲು ನಂಗೆ. ನಾನು ರೇಡಿಯೋದಲ್ಲಿ ಹೇಳಿದ್ನಲ್ಲ ನಿಂಗೆ, ತೆಗೆದೇ ಬಿಡು ಅಂತ."

"ನಾನು ಕೇಳಿಸ್ಕೊಳ್ಲಿಲ್ಲ. ಕ್ಯಾನು ಎತ್ತಕ್ಕೆ ನಿಂತಿದ್ದೆ."

"ನೀನು ಹ್ಞೂ ಅಂದ್ಯಾ ಅಂತ ನಾನೂ ಕಾಯ್ಲಿಲ್ಲ" ಅಂದ ಆರ್ಲೋ. "ನಲವತ್ತು ವರ್ಷದಿಂದ ಎಲ್ಲರಿಗೂ ಹೇಳ್ಕೊಡ್ತೀನಿ, ಉತ್ತರ ಬರೋ ತನಕ ಕಾಯಿರಿ ಅಂತ. ಕತ್ತೆ ನಾನು."

"ಎಷ್ಟಿವೆ ದನ?"

"ಅರವತ್ತು ಚಿಲ್ಲರೆ. ಎಲ್ಲಾ ಹಾಲು ಕೊಡೋ ತಾಯಿ, ಜೊತೇಲಿ ಕರು."

ಇಷ್ಟು ಬಿಸಿಲು. ಒಂದು ರಾತ್ರಿ ನೀರಿಲ್ದೇ ಇದ್ರೆ ಸಾಯ್ತಾವಾ ಅಂತ ಕೇಳ್ದೆ. ಸಾಯಲ್ಲ, ಅಂದ ಆರ್ಲೋ, ಆದ್ರೆ ತೊಟ್ಟಿ ಕಣ್ಣಿಗೆ ಕಾಣ್ತಿರತ್ತೆ, ವಾಸನೆ ಬರ್ತಿರತ್ತೆ, ಹಿಂದಿನವು ಮುಂದಿನವನ್ನ ತಳ್ತಾವೆ, ಮುಂದೆ ಮುಳ್ಳುತಂತಿ. ಕರುಗಳು ಮಧ್ಯೆ ಸಿಕ್ಕಿಹಾಕ್ಕೊಳ್ತಾವೆ.

ಆರ್ಲೋ ಗಾಡೀಲಿ ದೊಡ್ಡ ರೇಡಿಯೋ ಇದೆ, ನೆತ್ತಿಯಿಂದ ಊರಿಗೆ ತಲುಪತ್ತೆ. ಟೈರ್ ಅಂಗಡಿ ಮುದುಕ ಸಿಕ್ಕ. ಮಾಯ್ಟೆ ಫೋನ್ ಎತ್ತಲ್ಲ, ಎಲ್ಲೋ ಹುಲ್ಲು ಕಟ್ಟಿಸ್ತಾ ಇರ್ತಾರೆ, ಯಾರನ್ನಾದ್ರೂ ಕಳಿಸಿ ನೋಡ್ತೀನಿ ಅಂದ. ನೋಡ್ತೀನಿ ಅಷ್ಟೇ, ಖಾತ್ರಿ ಇಲ್ಲ.

"ನಾನು ಹೋಗ್ತೀನಿ" ಅಂದ ಆರ್ಲೋ.

"ನಿನ್ನ ಗಾಡಿ ಅಗಲ, ಇಳಿಯೋಕೆ ಸಾಯಂಕಾಲ ಆಗತ್ತೆ. ಹಾಕಿದ್ದು ನಾನು. ನಾನೇ ತೆಗೀತೀನಿ."

"ಅತ್ತೇನ ಇಳಿದಿದೀಯಾ ಯಾವತ್ತಾದ್ರೂ?"

"ಹತ್ತಿದೀನಿ" ಅಂದೆ. ಇಳಿಯೋದು ಯಾವಾಗ್ಲೂ ಬೆಟ್ಟದ ಆಚೆ ಕಡೆ ದಾರೀಲಿ.

"ಇಳಿದಿದೀಯಾ ಅಂತ ಕೇಳ್ದೆ."

ಲೂಪೆ ಕೈ ಒರೆಸ್ಕೊಂಡು ಆಗಲೇ ನನ್ನ ಗಾಡಿ ಕಡೆ ನಡೀತಿದ್ಲು. "ಒಬ್ಬರನ್ನೇ ಕಳಿಸೋ ಪದ್ಧತಿ ಇಲ್ಲ, ನಾನಿರ್ತೀನಿ. ಐವತ್ತೆರಡು ಮಕ್ಕಳನ್ನ ಹಿಮದಲ್ಲಿ ಘಾಟಿ ಇಳಿಸಿದೀನಿ, ಅದರಲ್ಲಿ ಹದಿನಾರು ವಾಂತಿ. ಇವಳೊಬ್ಬಳು ಯಾವ ಲೆಕ್ಕ?"

ಆರ್ಲೋ ಕಿಟಕಿ ಹತ್ರ ಬಂದ. "ಕತ್ತಲಾದ್ರೆ ವಾಪಸ್ ಹತ್ತಬೇಡಿ. ನಾವಿಲ್ಲೇ ಮಲಗ್ತೀವಿ, ಬೆಳಿಗ್ಗೆ ಇಳಿದು ಬರ್ತೀವಿ. ಮತ್ತೆ ಟಿಲ್ಲಿ, ಬೇಗ ಹೋಗ್ಬೇಕು ಅಂತ ಬೇಗ ಹೋಗ್ಬೇಡ."

ಆ ಮಾತು ಅರ್ಥ ಆಗೋಕೆ ಮೊದಲನೇ ತಿರುವು ಸಾಕಾಯ್ತು. ಹತ್ತುವಾಗ ಆಕಾಶ ಕಾಣತ್ತೆ, ಇಳಿಯುವಾಗ ಪ್ರಪಾತ ಮಾತ್ರ. ನನ್ನ ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು, ಹಿಂದಿನ ಚಕ್ರ ಜಲ್ಲಿ ಮೇಲೆ ಅರ್ಧ ಗೇಣು ಜಾರ್ತು.

"ಕಾಲು ತೆಗಿ" ಅಂದ್ಲು ಲೂಪೆ, ತಣ್ಣಗೆ. "ಒಂದನೇ ಗೇರು ಹಿಡ್ಕೊಂಡಿದೆ. ಅದರ ಕೆಲ್ಸ ಅದು ಮಾಡ್ಲಿ."

ತೆಗೆದೆ. ಬಟಾಣಿ ಗುರ್ ಅಂತ ತನ್ನ ಪಾಡಿಗೆ ಇಳೀತು. ನನ್ನ ತಲೇಲಿ ಬರೀ ದನ. ಈಗ ಎರಡು ಗಂಟೆ, ಎಲ್ಲಾ ನೆರಳಲ್ಲಿ ಮಲಗಿರ್ತಾವೆ. ಈಗ ಎರಡೂವರೆ, ಒಂದೊಂದೇ ಏಳ್ತಿರ್ತಾವೆ. ಲೂಪೆ ಅದನ್ನ ನನ್ನ ಮುಖದಲ್ಲೇ ಓದಿರಬೇಕು, ದಾರಿ ಪೂರ್ತಿ ಏನೇನೋ ಹೇಳ್ತಾನೇ ಇದ್ಲು. ನಾನು ಮೂರನೇ ಕ್ಲಾಸಲ್ಲಿ ಬಸ್ಸಿಗೆ ಹಲ್ಲಿ ತಂದಿದ್ದು. ಆ ಹಲ್ಲಿ ಅವಳ ಟೋಪಿ ಒಳಗೆ ಸಿಕ್ಕಿದ್ದು.

ಅತ್ತೆ ಹತ್ರ ಅವಳು ಇಳಿದು ಕೆಳಗೆ ಹೋಗಿ ನನ್ನ ಎದುರಿಗೆ ನಿಂತ್ಲು. ಮೇಲಿಂದ ನೋಡಿದ್ರೆ ಬಾನೆಟ್ ಆದ್ಮೇಲೆ ಏನೂ ಇಲ್ಲ, ನೆಲಾನೇ ಇಲ್ಲ, ದೂರದಲ್ಲಿ ಲೂಪೆಯ ಎರಡು ಕೈ ಮಾತ್ರ. ನೀವು ಕಲ್ಲು ನೋಡಬಾರದು, ಚಕ್ರ ನೋಡಬಾರದು, ಆ ಕೈ ಮಾತ್ರ ನೋಡ್ಬೇಕು. ಅವಳು ಎಡಕ್ಕೆ ಒಂದು ಬೆರಳು ತೋರಿಸಿದ್ರೆ ನಾನು ಒಂದು ಬೆರಳಷ್ಟೇ ತಿರುಗಿಸ್ದೆ. ಬಾ, ಬಾ, ಬಾ. ಮುಷ್ಟಿ. ನಿಂತೆ. ಮತ್ತೆ ಬಾ. ಮುಂದಿನ ಚಕ್ರ ದಡ್ ಅಂತ ಕೆಳಗೆ ಕೂತ್ಕೊಂಡಿತು, ಸೀಟು ಬೆಲ್ಟಲ್ಲಿ ನೇತಾಡ್ತಾ ಇದ್ದೆ. ಆಮೇಲೆ ಹಿಂದಿನದು, ಕರ್ರ್ ಅಂತ ಬಂಪರ್ ಕಲ್ಲಿಗೆ ಉಜ್ಜಿಕೊಂಡು.

"ಆಶೀರ್ವಾದ ಸಿಕ್ತು" ಅಂದ್ಲು ಲೂಪೆ, ಬಂಪರ್ ನೋಡಿ. "ಹತ್ತು ಅಂಗುಲ ಉದ್ದ ಇದೆ."

ಗೇಟಿನ ಹತ್ರ ಬರೋ ಹೊತ್ತಿಗೆ ನಾಲ್ಕು ಗಂಟೆ. ದನ ಬಂದಾಗಿತ್ತು.

ನಾನು ಗಲಾಟೆ, ಕೂಗಾಟ ಎಲ್ಲಾ ಅಂದ್ಕೊಂಡಿದ್ದೆ. ಏನೂ ಇಲ್ಲ. ಮೂವತ್ತು ನಲವತ್ತು ದನ ಗೇಟಿಗೆ ಮುಖ ಮಾಡ್ಕೊಂಡು ಸುಮ್ನೆ ನಿಂತಿದ್ವು, ಬಸ್ಸಿಗೆ ಕಾಯ್ತಿರೋ ಹಾಗೆ. ಆಚೆ ಐವತ್ತು ಹೆಜ್ಜೆ ದೂರದಲ್ಲಿ ನೀರು. ಹಿಂದಿಂದ ಇನ್ನೂ ಬರ್ತಾ ಇದ್ವು. ಬೈದಿದ್ರೆ ಚೆನ್ನಾಗಿರ್ತಿತ್ತು.

"ಹಾರ್ನ್ ಹೊಡೀಬೇಡ" ಅಂದ್ಲು ಲೂಪೆ. "ಬೆದರಿದ್ರೆ ತಂತಿ ಮೇಲೇ ಹೋಗ್ತಾವೆ. ಇಳಿದು ಬೇಲಿ ಪಕ್ಕದಲ್ಲೇ ನಡಿ. ಓಡಬೇಡ."

ನಡೆದೆ. ನನ್ನ ಭುಜದ ಎತ್ತರದ ಬೆನ್ನುಗಳು, ಬಿಸಿ, ಧೂಳು, ಸಗಣಿ ವಾಸನೆ. ಒಂದು ಹಸು ಮೂಗಲ್ಲಿ ಪುಸ್ ಅಂತ ಊದಿ ಪಕ್ಕಕ್ಕೆ ಸರೀತು. ಕಂಬಕ್ಕೆ ತಲುಪಿ ಕುಣಿಕೆಗೆ ಕೈ ಹಾಕ್ದೆ. ಅಲ್ಲಾಡಲಿಲ್ಲ. ಭುಜ ಕೊಟ್ಟೆ. ಇಲ್ಲ. ಬೆಳಿಗ್ಗೆ ಗಿಟಾರ್ ಥರ ಮೀಟಿದ್ನಲ್ಲ, ಆ ತಂತಿ ಈಗ ನನ್ನನ್ನ ಕ್ಯಾರೇ ಅನ್ನಲಿಲ್ಲ. ಕೈ ಬೆವರ್ತಿತ್ತು, ಒಂದು ಕರು ಬಂದು ನನ್ನ ಮೊಣಕೈ ನೆಕ್ಕೋಕೆ ಶುರು ಮಾಡ್ತು, ಉಪ್ಪಿಗೆ ಇರಬೇಕು. ಲೂಪೆ ಬಂದ್ಲು. ಇಬ್ಬರೂ ಒಂದೇ ಕೋಲನ್ನ ತಬ್ಕೊಂಡು, ಕೆನ್ನೆಗೆ ಕೆನ್ನೆ ತಾಗಿಸ್ಕೊಂಡು ಒತ್ತಿದ್ವಿ.

"ಇನ್ಮೇಲೆ ನೀನು ಜಿಮ್ಮಿಗೆ ಹೋಗ್ಬೇಡ" ಅಂತ ಹಲ್ಲು ಕಚ್ಕೊಂಡು ಹೇಳಿದ್ಲು.

ಕುಣಿಕೆ ಹಾರಿ ಬಂತು. ಗೇಟನ್ನ ಎಳ್ಕೊಂಡು ಹೋಗಿ ಬೇಲಿ ಪಕ್ಕಕ್ಕೆ ಹಾಕಿ ನಾವು ದೂರ ಹೋಗಿ ನಿಂತ್ವಿ. ದನ ನುಗ್ಗಲಿಲ್ಲ. ಮುಂದಿನ ಹಸು ಒಂದು ನಿಮಿಷ ನೆಲ ಮೂಸಿ ನೋಡ್ತು, ಒಂದು ಹೆಜ್ಜೆ ಇಡ್ತು, ಆಮೇಲೆ ಒಂದರ ಹಿಂದೆ ಒಂದು, ಸಾಲಾಗಿ, ಅವಸರ ಇಲ್ದೇ ಹೋದ್ವು.

ನಂಗೆ ಅಳು ಬಂತು, ಧೂಳು ಅಂದೆ. ಲೂಪೆ ಹ್ಞೂ ಧೂಳು ಜಾಸ್ತಿ ಅಂದ್ಲು.

ಅರ್ಧ ಗಂಟೆಗೆ ಬಯಲಿನ ಕಡೆಯಿಂದ ಉದ್ದನೇ ಗಾಡಿ ಬಂತು, ಹಿಂದೆ ಕುದುರೆ ಸಾಗಿಸೋ ಟ್ರೇಲರು, ಕುದುರೆ ಇಲ್ಲ, ಹುಲ್ಲಿನ ಕಂತೆ ಇತ್ತು. ಮಾಯ್ಟೆ ಉಗಾಲ್ಡೆ ಇಳಿದ್ರು. ಅರವತ್ತು ದಾಟಿದೆ, ಕುಳ್ಳಗೆ, ಅಂಗಿಗೆಲ್ಲಾ ಹುಲ್ಲು ಅಂಟಿಕೊಂಡಿತ್ತು. ಸುದ್ದಿ ತಲುಪಿತ್ತು ಅವರಿಗೆ. ನಮ್ಮನ್ನ ನೋಡಲಿಲ್ಲ, ಮೊದಲು ದನ ನೋಡಿದ್ರು, ಬೆರಳು ಮಡಚ್ತಾ ತುಟಿ ಅಲ್ಲಾಡಿಸ್ತಾ. ಆಮೇಲೆ ತಿರುಗಿದ್ರು.

"ಯಾರು ಹಾಕಿದ್ದು?"

ಲೂಪೆ, "ಅದು ನಾವು ಬೆಳಿಗ್ಗೆ..." ಅಂತ ಶುರು ಮಾಡಿದ್ಲು.

"ನಾನು" ಅಂದೆ. "ನಾನೇ ಹಾಕಿದ್ದು ಮ್ಯಾಮ್. ಆರ್ಲೋ ತೆಗೆದಿದಾನೆ ಅಂದ್ಕೊಂಡೆ. ಕೇಳಲಿಲ್ಲ."

ಕಣ್ಣು ಕಿರಿದು ಮಾಡಿ ನೋಡಿದ್ರು. "ನಿನ್ನನ್ನ ನೋಡಿದೀನಿ."

"ಹೋಟೆಲಲ್ಲಿ. ಭಾನುವಾರ ನಿಮಗೆ ಮೊಟ್ಟೆ ತಂದ್ಕೊಡೋಳು."

"ಓ. ಹಳದಿ ಒಡೆದು ತರೋಳು."

"ಅದು ಅಡುಗೆಯವನು..."

"ಇಲ್ಲಿ ಬೋರ್ಡ್ ಹಾಕಿದ್ದೆ, ಗೇಟು ಮುಟ್ಟಬೇಡಿ ಅಂತ" ಅಂದ್ರು, ನನ್ನ ಮಾತು ಕೇಳಿಸ್ಕೊಳ್ದೇ. "ಹಸು ಬೆನ್ನು ತುರಿಸ್ಕೊಂಡು ಬೀಳಿಸಿದ್ವು. ಮೂರು ಸಲ ನಿಲ್ಲಿಸ್ದೆ. ಸಾಕಾಗಿ ಬಿಟ್ಟೆ." ಮತ್ತೆ ದನದ ಕಡೆ ತಿರುಗಿದ್ರು. "ಒಂದು ಕಮ್ಮಿ ಇದೆ. ಬಿಳಿ ಮೂತಿದು. ಅದರ ಕರೂನೂ ಇಲ್ಲ."

ಎಲ್ಲಿ ಹೋಗಿರತ್ತೆ ಅಂತ ಕೇಳ್ದೆ.

"ಅದಕ್ಕೆ ಬುದ್ಧಿ ಜಾಸ್ತಿ, ಅದೇ ತೊಂದರೆ. ಬೇರೆಯವು ನಿಂತು ಕಾಯ್ತಾವೆ. ಅದು ಬೇಲಿ ಹಿಡ್ಕೊಂಡು ದಾರಿ ಹುಡುಕ್ತಾ ಹೋಗಿರತ್ತೆ. ಆ ಕಡೆ." ಉತ್ತರಕ್ಕೆ ಕೈ ತೋರಿಸಿದ್ರು. ಬೇಲಿ ಉದ್ದಕ್ಕೂ ಎರಡು ಚಕ್ರದ ಹಳೇ ಗುರುತು, ಅದನ್ನ ಅಡ್ಡಡ್ಡ ಕತ್ತರಿಸಿರೋ ಮಳೆನೀರಿನ ಕೊರಕಲುಗಳು. "ನನ್ನ ಗಾಡಿ ಉದ್ದ. ಕೊರಕಲಲ್ಲಿ ಹೊಟ್ಟೆ ತಾಗತ್ತೆ. ಕುದುರೆ ತರೋಣ ಅಂದ್ರೆ ಹೋಗಿ ಬರೋಕೆ ಕತ್ತಲಾಗತ್ತೆ."

"ನಂದು ಗಿಡ್ಡ" ಅಂದೆ.

ಬಟಾಣೀನ ಮುಂದಿಂದ ಹಿಂದಿನ ತನಕ ನೋಡಿದ್ರು. ಒಂದು ಕಂತೆ ಹುಲ್ಲು ಹೊತ್ಕೊಂಡು ಬಂದು ಹಿಂದೆ ಹತ್ತಿ ನಿಂತ್ರು. ಲೂಪೆ ಗೇಟಿನ ಹತ್ರ ಉಳ್ಕೊಂಡ್ಲು.

ಮೂರು ಕೊರಕಲು ದಾಟಿದ್ವಿ. ಪ್ರತಿಯೊಂದರಲ್ಲೂ ಓರೆಯಾಗಿ ಇಳಿದು ಓರೆಯಾಗಿ ಹತ್ತಬೇಕು, ಒಂದು ಚಕ್ರ ಗಾಳೀಲಿ. ಕನ್ನಡೀಲಿ ನೋಡಿದ್ರೆ ಮಾಯ್ಟೆ ದೋಣಿ ಮೇಲೆ ನಿಂತಿರೋರ ಥರ ಮೊಣಕಾಲು ಸಡಿಲ ಬಿಟ್ಕೊಂಡು ತೂಗ್ತಾ ಇದ್ರು. ಎರಡು ಮೈಲಿ ಆದ್ಮೇಲೆ ಕ್ಯಾಬಿನ್ ಮೇಲೆ ಎರಡು ಸಲ ತಟ್ಟಿದ್ರು.

ಹಸು ಬೇಲಿಯಿಂದ ಈಚೆ ನಿಂತಿತ್ತು. ಕರು ಆಚೆ, ತೊಟ್ಟಿ ಇರೋ ಕಡೆ. ಕೆಳಗಿನ ತಂತಿ ಅಡಿ ಎಲ್ಲೋ ತೂರಿ ಹೋಗಿದೆ, ಬೆನ್ನ ಮೇಲೆ ತರಚಿದ ಗೆರೆ, ರಕ್ತ ಒಣಗಿತ್ತು. ತಾಯಿ ಮುಳ್ಳುತಂತಿ ಮಧ್ಯೆ ಮೂತಿ ತೂರಿಸಿ ಅದನ್ನ ನೆಕ್ತಾ ಇತ್ತು. ಅದರ ಎದೆ ಮೇಲೂ ಎರಡು ಗೀರು.

"ನನ್ನತ್ರ ತಂತಿ ಕತ್ತರಿ ಇದೆ" ಅಂದೆ.

"ಕತ್ತರಿಸೋದು ಸುಲಭ. ಆಮೇಲೆ ಕಟ್ಟೋಳು ನಾನು" ಅಂದ್ರು. "ಈಗ್ಲೇ ಬೆದರಿದೆ, ಹತ್ರ ಹೋದ್ರೆ ತಂತಿ ಮೇಲೆ ಹಾರತ್ತೆ. ಗಾಡಿ ತಿರುಗಿಸು. ಮೆಲ್ಲಗೆ. ಹುಲ್ಲು ನೋಡಿದ್ರೆ ಬರತ್ತೆ, ಚಳಿಗಾಲ ಪೂರ್ತಿ ಗಾಡಿಯಿಂದಾನೇ ಅಲ್ವಾ ತಿನ್ನೋದು. ಆದ್ರೆ ನಡ್ಕೊಂಡು ಬರತ್ತೆ. ನೀನೂ ನಡ್ಕೊಂಡು ಹೋಗ್ಬೇಕು."

ಹಸು ನಡೆಯೋ ಅಷ್ಟು ನಿಧಾನಕ್ಕೆ ಗಾಡಿ ಓಡಿಸಿದೀರಾ ಯಾವತ್ತಾದ್ರೂ? ನಾನು ಓಡಿಸಿರಲಿಲ್ಲ. ಲೋ ಗೇರು, ಅದರಲ್ಲೂ ಒಂದನೇದು, ಅಕ್ಸಿಲರೇಟರ್ ಮುಟ್ಟೋ ಹಾಗಿಲ್ಲ. ಮಾಯ್ಟೆ ಹುಲ್ಲಿನ ಕಂತೆ ಮೇಲೆ ಕೂತು ಒಂದೊಂದು ಹಿಡಿ ಕೆಳಗೆ ಉದುರಿಸ್ತಿದ್ರು, ನಂಗೆ ಗೊತ್ತಿಲ್ಲದ ಭಾಷೇಲಿ ಹಸು ಜೊತೆ ಮಾತಾಡ್ತಾ. ಅವರಜ್ಜ ಇಲ್ಲಿಗೆ ಕುರಿ ಕಾಯೋಕೆ ಬಂದಾಗ ತಂದ ಭಾಷೆ, ಬಾಸ್ಕ್. ಹಸು ಎರಡು ಹೆಜ್ಜೆ ಬಂತು. ನಿಂತ್ಕೊಂಡು ಕರು ನೋಡ್ತು. ನಾನೂ ನಿಂತೆ. ಕರು ಬೇಲಿಯಾಚೆ ನಾಲ್ಕು ಹೆಜ್ಜೆ ಓಡಿ ತಾಯಿ ಪಕ್ಕಕ್ಕೆ ಬಂತು. ಮತ್ತೆ ಎರಡು ಹೆಜ್ಜೆ. ಹಾಗೇ. ಕನ್ನಡೀಲಿ ಒಂದು ಬಿಳಿ ಮೂತಿ, ಅದರ ಪಕ್ಕ ತಂತಿ, ತಂತಿಯಾಚೆ ಒಂದು ಚಿಕ್ಕ ಬಿಳಿ ಮೂತಿ.

ಮೊದಲನೇ ಕೊರಕಲಲ್ಲಿ ಕ್ಲಚ್ ತಪ್ಪಿ ಇಂಜಿನ್ ನಿಂತು ಹೋಯ್ತು. ಮತ್ತೆ ಸ್ಟಾರ್ಟ್ ಮಾಡಿದ ಸದ್ದಿಗೆ ಹಸು ತಿರುಗಿ ವಾಪಸ್ ಹೊರಡ್ತು, ಹತ್ತು, ಇಪ್ಪತ್ತು, ಮೂವತ್ತು ಹೆಜ್ಜೆ. ನಾನು ಸ್ಟೀರಿಂಗ್‌ಗೆ ಹಣೆ ಇಟ್ಕೊಂಡೆ.

"ಸಾರಿ" ಅಂದೆ ಕಿಟಕಿಯಿಂದ.

"ಅದಕ್ಕೆ ಹೇಳು" ಅಂದ್ರು ಮಾಯ್ಟೆ. ಆಮೇಲೆ, "ಕಾಯಿ. ಬರತ್ತೆ."

ಕಾದ್ವಿ. ಬಿಸಿಲು ಹಳದಿ ಆಗ್ತಿತ್ತು, ಕಂಬಗಳ ನೆರಳು ಉದ್ದ ಆಗ್ತಿತ್ತು. ಇಂಜಿನ್ ಓಡ್ತಾ ಇತ್ತು, ನಾನು ಅದನ್ನ ಮುಟ್ಟಲಿಲ್ಲ. ಒಂದು ಕಾಲು ಗಂಟೆ ಆಗಿರಬೇಕು. ಹಸು ತಾನಾಗೇ ತಿರುಗಿ ಬಂತು, ಬಿದ್ದ ಹುಲ್ಲು ಮೂಸ್ತಾ.

ಆಮೇಲಿನ ಎರಡು ಕೊರಕಲಲ್ಲಿ ನಾನು ಇಳಿಯುವಾಗಲೇ ಹತ್ತೋದನ್ನ ಲೆಕ್ಕ ಹಾಕ್ಕೊಂಡೆ, ಗೇರು ಕ್ಲಚ್ಚು ಯಾವುದೂ ಮುಟ್ಟದೇ ಇರೋ ಹಾಗೆ. ಗಾಡಿ ಓರೆಯಾಗಿ ಚಕ್ರ ಎತ್ತಿದಾಗ ಹಸು ನಿಂತು ನೋಡ್ತಿತ್ತು, ಇದೇನು ಇದಕ್ಕೆ ನಾಲ್ಕು ಕಾಲಿದ್ರೂ ನಡೆಯೋಕೆ ಬರಲ್ವಾ ಅನ್ನೋ ಥರ. ಆಮೇಲೆ ತಾನು ಸಲೀಸಾಗಿ ಇಳಿದು ಹತ್ತಿ ಬರ್ತಿತ್ತು. ಮಾಯ್ಟೆ ಎಲ್ಲಿ ಉಸಿರು ಬಿಡ್ತಿದ್ರು, ಎಲ್ಲಿ ಹಿಡೀತಿದ್ರು, ಎಲ್ಲಾ ನಂಗೆ ಗೊತ್ತಾಗ್ತಿತ್ತು. ಎರಡು ಮೈಲಿಗೆ ಒಂದೂವರೆ ಗಂಟೆ. ಅವತ್ತು ಬೆಳಿಗ್ಗೆಯಿಂದ ಓಡಿಸಿದ್ದರಲ್ಲಿ ನಾನು ಒಂದು ಕಲ್ಲನ್ನೂ ಬಿಡದೇ ನೋಡಿದ್ದು ಆ ಎರಡು ಮೈಲಿ ಮಾತ್ರ.

ಗೇಟು ಕಂಡಾಗ ಸೂರ್ಯ ಬೆಟ್ಟದ ಅಂಚಲ್ಲಿದ್ದ. ಲೂಪೆ ದೂರದಲ್ಲೇ ನಮ್ಮನ್ನ ನೋಡಿ ತೊಟ್ಟಿ ಹಿಂದೆ ಹೋಗಿ ಕೂತ್ಕೊಂಡ್ಲು, ಹಸುಗೆ ಕಾಣದ ಹಾಗೆ. ನಾನು ಗಾಡೀನ ಗೇಟಿನೊಳಗೆ ತಿರುಗಿಸ್ದೆ. ಕನ್ನಡೀಲಿ ನೋಡಿದ್ರೆ ಹಸು ಇಲ್ಲ. ತಲೆ ಹೊರಗೆ ಹಾಕಿ ನೋಡಿದ್ರೆ ಅದು ಗಾಡಿ ಬಿಟ್ಟು, ಹುಲ್ಲು ಬಿಟ್ಟು, ಗೇಟಿನ ಕಂಬಕ್ಕೆ ಮೈ ಉಜ್ಜಿಕೊಂಡು ಒಳಗೆ ನುಗ್ತಾ ಇತ್ತು. ಕರು ಓಡಿ ಬಂದು ಅದರ ಹೊಟ್ಟೆಗೆ ಢೀ ಕೊಟ್ಟು ಕೆಚ್ಚಲಿಗೆ ಬಾಯಿ ಹಾಕ್ತು. ತಾಯಿ ನಿಲ್ಲಲಿಲ್ಲ. ಕರು ನೇತಾಡ್ತಾ ಇದ್ರೂ ಹಾಗೇ ಎಳ್ಕೊಂಡು ತೊಟ್ಟಿ ತನಕ ಹೋಯ್ತು, ಮೂತಿ ಕಣ್ಣಿನ ತನಕ ನೀರೊಳಗೆ ಇಳಿಸ್ತು.

ನಾನು ಇಂಜಿನ್ ಆರಿಸ್ದೆ. ಮಾಯ್ಟೆ ಹಿಂದಿಂದ ಇಳಿದು ಬಂದು ನನ್ನ ಕಿಟಕಿಗೆ ಒರಗಿ ನಿಂತ್ರು. ಒಂದು ಹಸು ಇಷ್ಟು ಹೊತ್ತು ನೀರು ಕುಡಿಯತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಒಂದೊಂದು ಗುಟುಕೂ ಗಂಟಲಲ್ಲಿ ಇಳಿಯೋದು ಅಲ್ಲಿ ತನಕ ಕೇಳಿಸ್ತಿತ್ತು.